ಬುಲ್ಗೋಗಿ ಸಾಸ್ ಮತ್ತು ನಮ್ಮ ದೋಸೆ ಹಂಚು

ದಾವಣಗೆರೆಯ ನಮ್ಮ ಮನೆಗೆ ಕೊರಿಯಾದ ಬುಲ್ಗೋಗಿ ಸಾಸ್ ಬಂದದ್ದು ಬೆಂಗಳೂರಿನಲ್ಲಿ ಓದುತ್ತಿರುವ ಮಗಳ ಚೀಲದಲ್ಲಿ. ಕೊರಿಯನ್ ಭಾಷೆಯಲ್ಲಿ ‘ಬುಲ್’ ಎಂದರೆ ಬೆಂಕಿ, ‘ಗೋಗಿ’ ಎಂದರೆ ಮಾಂಸ. ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಎಳ್ಳೆಣ್ಣೆ, ಅರೆದ ಪೇರ್ (ಮರಸೇಬು) ಹಣ್ಣು ಸೇರಿದ ಈ ಸಾಸ್‌ನಲ್ಲಿ ಅಲ್ಲಿನವರು ಹೆಚ್ಚಾಗಿ ತೆಳ್ಳಗೆ ಕೊಯ್ದ ದನದ ಮಾಂಸವನ್ನು ನೆನೆಹಾಕಿ ಸುಡುತ್ತಾರೆ. ನಾನು ಕೋಳಿಯನ್ನು ಆರಿಸಿಕೊಂಡೆ. ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿದ ಅತ್ತೆಯವರು, “ಕೋಳೀನ ಯಾರಾದ್ರೂ ಬೆಲ್ಲದ ಪಾಕದಾಗೆ ನೆನಸ್ತಾರೇನವ್ವ?” ಎಂದರು.

ಮೊದಲ ಸಲ ಕೆಟ್ಟದ್ದು ನನ್ನ ಅತಿಬುದ್ಧಿಯಿಂದ. ಮಾಂಸ ಮೆತ್ತಗಾಗಲೆಂದು ಹಸಿ ಪಪ್ಪಾಯಿಯನ್ನು ತುರಿದು ಸಾಸ್‌ಗೆ ಬೆರೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಒಡೆಯುತ್ತದೆ. ಬಲಿತ ಕುರಿಮಾಂಸಕ್ಕೆ ಅದು ಒಪ್ಪುತ್ತದೆ, ಎಳೆಯ ಬ್ರಾಯ್ಲರ್ ಕೋಳಿಗೆ ಅಷ್ಟು ಹೊತ್ತು ಬೇಕಿಲ್ಲ. ಬೆಳಿಗ್ಗೆ ಒಂದು ತುಂಡನ್ನು ಎತ್ತಿದರೆ ನೀರಲ್ಲಿ ನೆನೆದ ಮಂಡಕ್ಕಿಯಂತೆ ಬೆರಳುಗಳ ನಡುವೆಯೇ ಹಿಸುಕಿಹೋಯಿತು.

ಈಗ ಪಪ್ಪಾಯಿ ಹಾಕುವುದಿಲ್ಲ. ಮೂಳೆ ತೆಗೆಸಿದ ತೊಡೆಯ ಭಾಗ 500 ಗ್ರಾಂ ತಂದು, ಮುಕ್ಕಾಲು ಗಂಟೆ ಫ್ರೀಜರ್‌ನಲ್ಲಿಟ್ಟು, ಅರೆಗಟ್ಟಿಯಾದಾಗ ಚಾಕುವಿನಿಂದ ತೆಳ್ಳಗೆ ಕೊಯ್ಯುತ್ತೇನೆ. ಐದು ದೊಡ್ಡ ಚಮಚ ಸಾಸ್ ಹಾಕಿ ಕಲಸಿ, ಎರಡು ಗಂಟೆ ಫ್ರಿಜ್‌ನಲ್ಲಿ ಬಿಟ್ಟರೆ ಸಾಕು. ಸೋಯಾ ಸಾಸ್‌ನಲ್ಲೇ ಧಾರಾಳವಾಗಿ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ.

ಇನ್ನುಳಿದದ್ದೆಲ್ಲ ಹಂಚಿನ ಕೆಲಸ. ಸಾಸ್ ಸುರಿಯುತ್ತಿರುವ ತುಂಡುಗಳನ್ನು ಹಾಗೆಯೇ ಹಾಕಿದರೆ ಮಾಂಸ ಬೇಯುವ ಮೊದಲೇ ಸಕ್ಕರೆ ಕಪ್ಪಾಗಿ ಕಹಿಯಾಗುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಹಾಕಿದರೆ ನೀರು ಬಿಟ್ಟುಕೊಂಡು ಸುಡುವ ಬದಲು ಸಾರಿನಂತೆ ಕುದಿಯುತ್ತದೆ. ಆದ್ದರಿಂದ ತುಂಡುಗಳ ಸಾಸನ್ನು ಪಾತ್ರೆಯ ಅಂಚಿಗೆ ಒತ್ತಿ ಸೋರಿಸಿ, ಕಾದ ಕಬ್ಬಿಣದ ದೋಸೆ ಹಂಚಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಮೊದಲ ಬದಿ ಕೆಂಪಗಾದೊಡನೆ ಮಗುಚಿ ಉರಿ ತಗ್ಗಿಸುತ್ತೇನೆ. ಪ್ರತಿ ಸರದಿಯ ನಂತರ ಹಂಚಿಗಂಟಿದ ಕರಕಲನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಮುಂದಿನ ಸರದಿಗೆ ಆ ಕಹಿ ಹತ್ತುತ್ತದೆ. ಹಸಿ ಮಾಂಸ ನೆನೆದ ಸಾಸ್ ಉಳಿದಿದ್ದರೆ ಚೆನ್ನಾಗಿ ಕುದಿಸದೆ ಬಳಸಕೂಡದು.

ಅವರ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಡುಬಣ್ಣದ್ದು. ನಮ್ಮ ಗಾಣದ ಎಣ್ಣೆಯಲ್ಲಿ ಆ ಘಮ ಸಿಗದೆ, ಇಳಿಸುವಾಗ ಹುರಿದ ಎಳ್ಳನ್ನು ಒರಟಾಗಿ ಕುಟ್ಟಿ ಉದುರಿಸಿಕೊಂಡೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಅರೆದು ಬೆರೆಸಿದೆ. ಬಣ್ಣ ಚೆನ್ನಾಗಿಯೇ ಬಂತು, ಆದರೆ ಮೆಣಸಿನಪುಡಿ, ಅಂಟಕ್ಕಿ ಮತ್ತು ಹುದುಗಿಸಿದ ಸೋಯಾದಿಂದ ಮಾಡುವ ಗೋಚುಜಾಂಗ್ ಎಂಬ ಕೊರಿಯನ್ ಖಾರದ ಗೊಜ್ಜಿನ ಹುಳಿಗಂಪು ಅದರಿಂದ ಬರುವಂಥದ್ದಲ್ಲ.

ಅಲ್ಲಿ ಲೆಟ್ಯೂಸ್ ಎಲೆಯಲ್ಲಿ ಸುತ್ತಿ ತಿನ್ನುವುದುಂಟು. ನಾವು ಬಿಸಿ ಜೋಳದ ರೊಟ್ಟಿಯಲ್ಲಿ, ಹಸಿ ಈರುಳ್ಳಿ ಇಟ್ಟು ಸುತ್ತಿಕೊಂಡೆವು. ಅತ್ತೆಯವರು ಎರಡನೆಯ ರೊಟ್ಟಿ ಕೇಳಿದರು. ಮಾಂಸ ತಿನ್ನದ ತಂಗಿಗಾಗಿ ಅಣಬೆಯಲ್ಲೂ ಮಾಡಿದೆ. ಅದನ್ನು ಮಾತ್ರ ನೆನೆಹಾಕದೆ, ಹಂಚಿನ ಮೇಲೆ ನೀರೆಲ್ಲ ಆರುವವರೆಗೆ ಬಾಡಿಸಿ, ಕೊನೆಯಲ್ಲಿ ಎರಡು ಚಮಚ ಸಾಸ್ ಹಾಕಿ ಇಳಿಸಬೇಕು.