ತುಮಕೂರಿನಿಂದ ಥಾರ್‌ಗೆ, ಹಳೇ ಕಾರಲ್ಲಿ, ಅಮ್ಮನನ್ನೂ ಕೂರಿಸಿಕೊಂಡು

"ಎಪ್ಪತ್ತು ದಾಟಿದ ಅತ್ತೇನ ಕರ್ಕೊಂಡು ಮರಳುಗಾಡಿಗಾ? ಸಿದ್ಧಗಂಗೆ ಬೆಟ್ಟ ಹತ್ತಿಸಿಕೊಂಡು ಬಾ, ಪುಣ್ಯನಾದ್ರೂ ಬರುತ್ತೆ" ಅಂದಿದ್ದರು ಭಾವ. ಅವರ ಮಾತಿಗೂ ಕಾರಣವಿತ್ತು. ಅದರ ಹಿಂದಿನ ವರ್ಷ ದಸರಾ ರಜೆಯಲ್ಲಿ ಹೊರಟು ವಡೋದರದಿಂದ ವಾಪಸ್ ಬಂದವನು ನಾನು.

ಆ ಸಲ ಮಾಡಿದ್ದೆಲ್ಲ ತಪ್ಪೇ. ಬೆಳಿಗ್ಗೆ ಒಂಬತ್ತಕ್ಕೆ ಪೂಜೆ ಮುಗಿಸಿ ಹೊರಟೆವು. ಮರುದಿನ ಥಾಣೆ ಪಕ್ಕದ ಘೋಡ್‌ಬಂದರ್ ರಸ್ತೆಗೆ ಸಂಜೆ ಐದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ಗಂಟೆ ತೆವಳಿದೆವು. ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡ ತಟ್ಟೆ ಇಡ್ಲಿ ಸೂರತ್ ಮುಟ್ಟುವ ಮೊದಲೇ ನೂಲು ನೂಲಾಯಿತು. ವಡೋದರದ ಹತ್ತಿರ ಏಸಿ ಕೈಕೊಟ್ಟಿತು. ಹೊರಡುವ ಮುಂಚೆ "ಎಲ್ಲಾ ನೋಡಿದೀನಿ ಸಾರ್" ಅಂದಿದ್ದ ಮೆಕ್ಯಾನಿಕ್ ಆಮೇಲೆ ಫೋನ್ ಎತ್ತಲಿಲ್ಲ. ಮೂವತ್ತೊಂದು ಸಾವಿರ ನೀರಿಗೆ ಹೋಯಿತು.

ಎರಡನೇ ಸಲ ಡಿಸೆಂಬರ್ ಕೊನೆಯ ವಾರ. ಕಾರು ಅದೇ, ಹನ್ನೊಂದು ವರ್ಷದ ಡೀಸೆಲ್ ಗಾಡಿ. ಬದಲಾಯಿಸಿದ್ದು ಹೊತ್ತು ಮಾತ್ರ: ಬೆಳಗಿನ ಜಾವ ಮೂರಕ್ಕೆ ಹೊರಡುವುದು, ಸಂಜೆಯಾಗುವ ಮೊದಲೇ ರೂಮು ಸೇರುವುದು. ಮೊದಲ ದಿನ ಸಾತಾರಾ, ಸುಮಾರು 650 ಕಿ.ಮೀ. ಎರಡನೇ ದಿನ ಮಾತ್ರ ರಾತ್ರಿ ಒಂದಕ್ಕೇ ಎದ್ದು ಹೊರಟೆ. ಸಂಜೆ ಆರಕ್ಕೇ ಮಲಗಿದ್ದರಿಂದ ನಿದ್ದೆಗೆ ಕೊರತೆಯಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಘೋಡ್‌ಬಂದರ್ ದಾಟಿ, ಹನ್ನೊಂದೂವರೆಗೆ ಸೂರತ್‌ನಲ್ಲಿ ಸ್ನಾನ ಮಾಡುತ್ತಿದ್ದೆವು. ಮೂರನೇ ದಿನ ರಾಜಸ್ಥಾನದ ಸಾಂಚೋರ್. ನಾಲ್ಕನೇ ದಿನ ಬಾಡಮೇರ್ ಮೇಲೆ ಜೈಸಲ್ಮೇರ್. ಮಕ್ಕಳೂ ಅಮ್ಮನೂ ದಾರಿಯ ಅರ್ಧ ನಿದ್ದೆಯಲ್ಲೇ ಕಳೆದರು. "ಇನ್ನೆಷ್ಟು ದೂರ" ಎಂಬ ಪ್ರಶ್ನೆಯೂ ಅರ್ಧಕ್ಕರ್ಧ ಇಳಿಯಿತು.

ಬುತ್ತಿಗೆ ಈ ಸಲ ಹುರಿಟ್ಟು, ತಿಪಟೂರು ಕೊಬ್ಬರಿ, ಬೆಲ್ಲ, ಪುಳಿಯೋಗರೆ ಗೊಜ್ಜು. ಹುರಿಟ್ಟಿಗೆ ಒಲೆ ಬೇಡ, ಹಾಲು ಎಲ್ಲಾದರೂ ಸಿಗುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸ್ಟೀಲ್ ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿ ಕಿಟಕಿ ಪಕ್ಕ, ಗಾಳಿ ಬೀಸುವ ಕಡೆ ಕಟ್ಟುವುದು. ಸೂರತ್‌ನಲ್ಲಿ ನೀರು ಇದ್ದ ಹಾಗೇ ಇತ್ತು. ಅಲ್ಲಿಯ ಗಾಳಿಯಲ್ಲೇ ತೇವ. ಬಾಡಮೇರ್ ದಾಟಿದ ಮೇಲೆ ಅದೇ ಬಾಟಲಿ ಮಡಕೆಯ ನೀರಿನಷ್ಟು ತಣ್ಣಗಾಯಿತು. ಕಾಲುಚೀಲ ಹೊಸದಾ ಹಳೆಯದಾ ಅಂತ ನನ್ನವಳು ಇವತ್ತಿಗೂ ಕೇಳುತ್ತಾಳೆ.

ಮರುಭೂಮಿ ರಾಷ್ಟ್ರೀಯ ಉದ್ಯಾನ ಎಂದಾಗ ಜನ ಜೈಸಲ್ಮೇರ್ ಹತ್ತಿರದ ಸಮ್ ಎಂಬ ಊರಿನ ದಿಬ್ಬ, ಒಂಟೆ, ಟೆಂಟು ಅಂದುಕೊಳ್ಳುತ್ತಾರೆ. ಉದ್ಯಾನ ಇರುವುದು 3,162 ಚದರ ಕಿ.ಮೀ.; ಮರಳು ದಿಬ್ಬ ಅದರ ಐದನೇ ಒಂದು ಪಾಲು ಅಷ್ಟೇ. ಮಿಕ್ಕಿದ್ದು ಕಲ್ಲುನೆಲ, ಸೇವಣ ಹುಲ್ಲು, ಕುರುಚಲು. ವರ್ಷದ ಕೊನೆ ಎಂದು ಟೆಂಟಿನವರು ಒಂದು ರಾತ್ರಿಗೆ ಹದಿನಾಲ್ಕು ಸಾವಿರ ಕೇಳಿದರು. ಖೂಡಿ ಹಳ್ಳಿ ಕಡೆ ಒಬ್ಬರ ಮನೆಯಲ್ಲಿ ಊಟ ಸೇರಿ ಎರಡೂವರೆ ಸಾವಿರಕ್ಕೆ ಆಯಿತು, ಬಾಜ್ರಾ ರೊಟ್ಟಿಗೆ ತುಪ್ಪ ಬೇರೆ. ರಾತ್ರಿ ಚಳಿಗೆ ಮಾತ್ರ ನಮ್ಮ ಕಂಬಳಿ ಸಾಲಲಿಲ್ಲ.

ಅಲ್ಲೇ ನನ್ನ ಜಂಭವೂ ಇಳಿಯಿತು. ಫೋಟೋಕ್ಕೆಂದು ಟಾರು ಬಿಟ್ಟು ಹತ್ತು ಮೀಟರ್ ಒಳಗಿಳಿಸಿದೆ, ಮುಂದಿನ ಚಕ್ರ ಹೂತಿತು. ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಮ್ಯಾಟ್ ಹಾಕಿ ಒದ್ದಾಡಿದೆ. ಗಾಳಿ ಇಳಿಸಬೇಕಿದ್ದದ್ದು ಮರಳಿಗೆ ಇಳಿಯುವ ಮೊದಲು, ಹೂತ ಮೇಲಲ್ಲ. ಟ್ರ್ಯಾಕ್ಟರ್‌ನವನು ಸಾವಿರ ರೂಪಾಯಿ ತೆಗೆದುಕೊಂಡು ಎರಡೇ ನಿಮಿಷದಲ್ಲಿ ಎಳೆದ. ಜೊತೆಗೆ ಪಂಪ್ ಇರಲಿ. ಆ ಗಾಳಿಯಲ್ಲೇ ಹೆದ್ದಾರಿಗೆ ಹೋದರೆ ಟೈರ್ ಮುಗಿಯಿತು.

ಜೈಸಲ್ಮೇರ್ ಹತ್ತಿರದ ಅಕಲ್‌ನಲ್ಲಿ ಕಲ್ಲಾಗಿ ಮಲಗಿರುವ ಮರಗಳಿವೆ, 18 ಕೋಟಿ ವರ್ಷ ಹಳೆಯವು. ಮಕ್ಕಳು ಹತ್ತು ನಿಮಿಷಕ್ಕೆ ಬೇಸತ್ತರು, ನಾನು ಒಂದೂವರೆ ಗಂಟೆ ಅಲ್ಲೇ ಸುತ್ತಿದೆ. ತನೋಟ್ ಮಾತೆಯ ಗುಡಿಯಲ್ಲಿ 1965ರ ಯುದ್ಧದಲ್ಲಿ ಸಿಡಿಯದೆ ಉಳಿದ ಶೆಲ್‌ಗಳನ್ನು ನೋಡಿ ಅಮ್ಮ ಅವಕ್ಕೂ ಕೈಮುಗಿದರು.

ನಾನು ಹೋಗಿದ್ದು ಹೆಬ್ಬಕ ಎಂಬ ಹಕ್ಕಿ ನೋಡುವುದಕ್ಕೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅಲ್ಲಿಯವರ ಬಾಯಲ್ಲಿ ಗೋಡಾವಣ. ಉಳಿದಿರುವುದು 150ರ ಆಸುಪಾಸು; ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಭಾರದ ಹಕ್ಕಿ, ಎದುರಿನ ವಿದ್ಯುತ್ ತಂತಿ ಬೇಗ ಕಾಣುವುದಿಲ್ಲ, ಬಡಿದು ಸಾಯುತ್ತದೆ. ಇದಕ್ಕೆಂದೇ ಹೊರಡುವ ಮುಂಚೆ ನಾಲ್ಕು ಭಾನುವಾರ ಮಕ್ಕಳನ್ನು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಯ್ದು, ಕೃಷ್ಣಮೃಗ ತೋರಿಸುತ್ತಾ ಗಂಟೆಗಟ್ಟಲೆ ಸದ್ದಿಲ್ಲದೆ ಕೂರುವುದನ್ನು ಕಲಿಸಿದ್ದೆ. ಉದ್ಯಾನದೊಳಗಿನ ಸುದಾಸರಿ ಕಡೆ ಎರಡು ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಸುತ್ತಿದರೂ ಚಿಂಕಾರ, ನರಿ, ಹದ್ದು ಬಿಟ್ಟರೆ ಏನೂ ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಮೊದಲು ಕಂಡದ್ದು ಮಗಳಿಗೆ. ಜಾಗ ಯಾವುದು, ಎಷ್ಟು ಹೊತ್ತಿಗೆ ಅಂತ ಬರೆಯುವುದಿಲ್ಲ. ಬರೆದರೆ ಮುಂದಿನ ವಾರ ಹತ್ತು ಜೀಪು ನಿಲ್ಲುತ್ತವೆ. ದುರ್ಬೀನು ಇಳಿಸಿ ಅಮ್ಮ, "ಅಯ್ಯೋ, ಛತ್ರಿ ಹಿಡಿಯೋದು ಮರೆತ ಶಾನುಭೋಗರ ಥರ ನಡೀತಾ ಇದೆಯಲ್ಲೋ" ಅಂದರು.

ಹೋಗಿ ಬಂದದ್ದು 4,700 ಕಿ.ಮೀ. ಚಿಲ್ಲರೆ. ಡೀಸೆಲ್ 25,000, ಟೋಲ್ ಎಂಟು ಸಾವಿರದ ಹತ್ತಿರ, ರೂಮು, ಊಟ, ಜೀಪು ಎಲ್ಲಾ ಸೇರಿ ಐದು ಜನಕ್ಕೆ ಅರವತ್ತೆರಡು ಸಾವಿರ. ವಿಮಾನದ ಪ್ಯಾಕೇಜಿಗೆ ಒಂದು ಲಕ್ಷ ನಲವತ್ತು ಹೇಳಿದ್ದರು.

ಈಗ ಭಾವನೇ ಆ ಜೀಪಿನವನ ನಂಬರ್ ಕೇಳುತ್ತಿದ್ದಾರೆ. ಇನ್ನೂ ಕೊಟ್ಟಿಲ್ಲ.