ಗುರುತಿಸಬೇಕಾದದ್ದು ಶೂಟರ್‌ನನ್ನಲ್ಲ: ಡೆಟ್ರಾಯ್ಟ್ ಸೋಲುಗಳಿಂದ ನಾನು ಕಲಿತದ್ದು

2023ರ ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಐದೂವರೆಗೆ ಎದ್ದು, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡುವ ಡೆಟ್ರಾಯ್ಟ್ ಪಿಸ್ಟನ್ಸ್ ತಂಡದ ಆಟ ನೋಡುತ್ತಿದ್ದೆ. ಅಲ್ಲಿ ಆಗ ಸಂಜೆ ಏಳು ಗಂಟೆ. ಬೆಂಗಳೂರಿನಲ್ಲಿ ಶಾಲಾ ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸುವವನು ನಾನು. ಗೆಲ್ಲುವ ತಂಡಗಳನ್ನು ಬಿಟ್ಟು ಇದನ್ನು ಹಿಡಿದದ್ದಕ್ಕೆ ಕಾರಣವಿತ್ತು: ನಮ್ಮ ಹುಡುಗರಿಗೆ ಅಂಟಿದ್ದ ರೋಗವೇ ಅಲ್ಲಿಯೂ ಕಾಣುತ್ತಿತ್ತು. ಚೆಂಡು ಕೈಗೆ ಬರುತ್ತದೆ, ಬುಟ್ಟಿಗೆ ಬೀಳುವುದಿಲ್ಲ.

ಪಿಸ್ಟನ್ಸ್ ಆ ಋತುವಿನಲ್ಲಿ ಸತತ 28 ಪಂದ್ಯ ಸೋತಿತು. ಎನ್‌ಬಿಎಯಲ್ಲಿ ಒಂದೇ ಋತುವಿನೊಳಗೆ ಯಾವ ತಂಡವೂ ಸತತವಾಗಿ ಅಷ್ಟು ಸೋತಿರಲಿಲ್ಲ. 27ನೆಯ ಸೋಲಿನ ದಿನ ತಂಡದ ಮುಖ್ಯ ಆಟಗಾರ ಕೇಡ್ ಕನಿಂಗ್‌ಹ್ಯಾಮ್ ಒಬ್ಬನೇ 41 ಪಾಯಿಂಟ್ ಹೊಡೆದಿದ್ದ. ಆದರೂ ಎದುರಾಳಿ ಬ್ರೂಕ್ಲಿನ್ 118–112ರಿಂದ ಗೆದ್ದಿತು. ಆ ಹುಡುಗನ ಮುಖ ನೋಡಿ ನನಗೆ ಸಂಕಟವಾಗಿತ್ತು.

ಮೊದಮೊದಲು ನೋಟ್‌ಬುಕ್ಕಿನಲ್ಲಿ ಅರ್ಧ ಕೋರ್ಟಿನ ಚಿತ್ರ ಬರೆದು, ತಪ್ಪಿದ ಪ್ರತಿ ಹೊಡೆತಕ್ಕೂ ಒಂದು ಕಾಟು ಹಾಕಿದೆ. ನಾಲ್ಕು ಪಂದ್ಯ ಮುಗಿಯುವ ಹೊತ್ತಿಗೆ ಪುಟವೆಲ್ಲ ಕಾಟುಗಳು. ತಿಳಿದದ್ದು ಏನೂ ಇಲ್ಲ. ಆಮೇಲೆ ದಾರಿ ಬದಲಿಸಿದೆ. ಕನಿಂಗ್‌ಹ್ಯಾಮ್ ಸ್ಕ್ರೀನ್ (ಅವನನ್ನು ಕಾಯುವವನ ದಾರಿಗೆ ಜೊತೆಯ ಆಟಗಾರ ಅಡ್ಡ ನಿಲ್ಲುವುದು) ದಾಟಿ ಹೊರಬರುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಎದುರಾಳಿ ತಂಡದ ಐವರ ಪಾದಗಳು ಎಲ್ಲಿವೆ ಎಂದಷ್ಟೇ ಗುರುತಿಸತೊಡಗಿದೆ.

ರೋಗ ಅಲ್ಲಿತ್ತು. ಪಿಸ್ಟನ್ಸ್‌ನ ಆಸಾರ್ ಥಾಂಪ್ಸನ್ ಆ ಋತುವಿನಲ್ಲಿ ದೂರದ ಗೆರೆಯಾಚೆಯಿಂದ ಹೊಡೆಯುವ ಮೂರು ಪಾಯಿಂಟ್ ಹೊಡೆತಗಳಲ್ಲಿ ಹಾಕಿದ್ದು ಶೇ. 18.6 ಮಾತ್ರ. ಹಾಗಾಗಿ ಅವನು ಮೂಲೆಯಲ್ಲಿ ನಿಂತರೆ ಅವನನ್ನು ಕಾಯಬೇಕಾದ ಎದುರಾಳಿ ಅವನ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಬುಟ್ಟಿಯ ಮುಂದೆ ಬಂದು ಬೇರೂರುತ್ತಿದ್ದ. ಜೊತೆಗೆ ಹೊರಗಿನಿಂದ ಹೊಡೆಯಲಾರದ ಇನ್ನೊಬ್ಬನಿದ್ದರೆ ಮುಗಿಯಿತು. ಕನಿಂಗ್‌ಹ್ಯಾಮ್ ಎಷ್ಟೇ ಚೆನ್ನಾಗಿ ನುಗ್ಗಿದರೂ ಎದುರಿಗೆ ಗೋಡೆ. ಪಾಸ್ ಕೊಟ್ಟರೆ ಅದು ಸಿಗುತ್ತಿದ್ದುದು ಎದುರಾಳಿ ಬೇಕೆಂದೇ ಬಿಟ್ಟುಕೊಟ್ಟವನಿಗೆ. ಕೈಯ ದೋಷ ಸಣ್ಣದು, ನಿಂತ ಜಾಗದ ದೋಷ ದೊಡ್ಡದು.

ನಮ್ಮಲ್ಲಿಯೂ ಅಂಥ ಹುಡುಗನೊಬ್ಬನಿದ್ದ. ಕಾಲು ಚುರುಕು, ದೂರದ ಹೊಡೆತ ಮಾತ್ರ ಒಲಿಯದು. ಮೂರು ಪಾಯಿಂಟಿನ 6.75 ಮೀಟರ್ ಗೆರೆಯ ಆಚೆ ನಿಲ್ಲಿಸಿ ದಿನವೂ ನೂರು ಸಲ ಹೊಡೆಸಿ ನಾನೇ ಅವನ ಧೈರ್ಯ ಕುಂದಿಸಿದ್ದೆ. ಅದನ್ನು ನಿಲ್ಲಿಸಿದೆ. ಮೂಲೆ ಬಿಟ್ಟು ಬುಟ್ಟಿಯ ಪಕ್ಕ, ಹಿಂದಿನ ಗೆರೆಯ ಹತ್ತಿರ ನಿಲ್ಲಿಸಿದೆ. ನಿನ್ನನ್ನು ಕಾಯುವವನ ಕುತ್ತಿಗೆಯನ್ನೇ ನೋಡುತ್ತಿರು, ಅದು ಚೆಂಡಿನ ಕಡೆ ತಿರುಗಿದ ತಕ್ಷಣ ಅವನ ಬೆನ್ನ ಹಿಂದಿನಿಂದ ನುಗ್ಗು ಎಂದೆ. ಅವನು ನಿನ್ನನ್ನು ಬಿಟ್ಟು ದೂರ ನಿಂತರೋ, ಓಡಿಹೋಗಿ ಜೊತೆಯವನಿಗೆ ಸ್ಕ್ರೀನ್ ಹಾಕು. ಮೂಲೆಗಳಲ್ಲಿ ದೂರದಿಂದ ಹೊಡೆಯಬಲ್ಲವರನ್ನೇ ನಿಲ್ಲಿಸಿದೆ.

ಮರುವರ್ಷ ಡೆಟ್ರಾಯ್ಟ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್ ಬಂದರು. ಮಲಿಕ್ ಬೀಸ್ಲಿ ಒಬ್ಬನೇ 319 ಮೂರು ಪಾಯಿಂಟ್ ಹೊಡೆತಗಳನ್ನು ಹಾಕಿದ. 14 ಗೆಲುವಿನ ತಂಡ 44 ಗೆದ್ದಿತು. ಥಾಂಪ್ಸನ್‌ನ ದೂರದ ಹೊಡೆತ ಆಗಲೂ ನಾಲ್ಕಕ್ಕೆ ಒಂದೂ ಬೀಳುತ್ತಿರಲಿಲ್ಲ, ಆದರೂ ಅವನು ಮೊದಲ ಐವರಲ್ಲಿ ಆಡಿದ. ಅದನ್ನು ನಮ್ಮ ಹುಡುಗನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಒಂದೇ ತುಣುಕನ್ನು ಮೂರು ಸಲ ನೋಡಿ, "ಸರ್, ಕುತ್ತಿಗೆ ತಿರುಗಿತು" ಎಂದ.