ಟೆಲಿಗ್ರಾಂ ‘ಕನೆಕ್ಟಿಂಗ್’ನಲ್ಲೇ ನಿಂತಾಗ: ಮನೆಯಲ್ಲೇ ಪ್ರಾಕ್ಸಿ ಇಟ್ಟುಕೊಂಡ ಬಗೆ

ಯೂಟ್ಯೂಬ್ ಸರಾಗವಾಗಿ ಓಡುತ್ತದೆ, ವಾಟ್ಸಾಪ್ ಸಂದೇಶಗಳೂ ಬರುತ್ತವೆ, ಟೆಲಿಗ್ರಾಂ ಮಾತ್ರ ‘ಕನೆಕ್ಟಿಂಗ್’ ಎಂದು ಸುತ್ತುತ್ತಲೇ ಇರುತ್ತದೆ. ಮೊಬೈಲ್ ಡೇಟಾಗೆ ಬದಲಾಯಿಸಿದ ಕೂಡಲೇ ತಡೆದಿಟ್ಟ ಸಂದೇಶಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಮನೆಯ ಫೈಬರ್ ಸಂಪರ್ಕದಲ್ಲಿ ಈ ಲಕ್ಷಣ ಕಂಡಾಗ ನಾನು ಮಾಡಿಕೊಂಡ ಏರ್ಪಾಟು ಇಲ್ಲಿದೆ: ಸ್ವಂತ ಕಂಪ್ಯೂಟರಿನಲ್ಲೇ ಒಂದು ಸಾಕ್ಸ್5 ಪ್ರಾಕ್ಸಿ (ಆ್ಯಪ್‌ನ ಸಂಪರ್ಕವನ್ನು ತಾನು ಪಡೆದು ಮುಂದಕ್ಕೆ ದಾಟಿಸುವ ಮಧ್ಯವರ್ತಿ), ಅದರ ಬೆನ್ನಿಗೆ ಬಾಡಿಗೆ ಸರ್ವರ್‌ವರೆಗೆ ಒಂದು ಎಸ್‌ಎಸ್‌ಎಚ್ ಸುರಂಗ, ಅಂದರೆ ಗೂಢಲಿಪಿಯಲ್ಲಿ ಸಾಗುವ ಸಂಪರ್ಕ.

ಪ್ರಾಕ್ಸಿ ಬದಲಾಯಿಸುವುದು ದಾರಿಯನ್ನು ಮಾತ್ರ. ಮನೆಯಿಂದ ಟೆಲಿಗ್ರಾಂ ಸರ್ವರಿಗೆ ಹೋಗುವ ದಾರಿ ಕೆಟ್ಟಿದ್ದರೆ, ಮನೆಯಿಂದ ಬಾಡಿಗೆ ಸರ್ವರಿಗೆ, ಅಲ್ಲಿಂದ ಟೆಲಿಗ್ರಾಂಗೆ ಎಂದು ಸುತ್ತು ಹಾಕಿಸುತ್ತದೆ. ವೈಫೈ ಸಿಗ್ನಲ್ ದುರ್ಬಲವಾಗಿದ್ದರೆ, ರೂಟರ್ ಕೆಟ್ಟಿದ್ದರೆ ಅಥವಾ ಊರಿನಲ್ಲಿ ಇಂಟರ್ನೆಟ್ಟೇ ಸ್ಥಗಿತವಾಗಿದ್ದರೆ ಅದರಿಂದ ಏನೂ ಆಗದು. ಆದ್ದರಿಂದ ಸರ್ವರ್ ಬಾಡಿಗೆ ಕಟ್ಟುವ ಮೊದಲು ದಾರಿ ಎಲ್ಲಿ ಕಡಿದಿದೆ ಎಂದು ಅಳೆಯಬೇಕು.

ಟೆಲಿಗ್ರಾಂ ತನ್ನ ಬಳಕೆದಾರರನ್ನು ಐದು ಡೇಟಾ ಸೆಂಟರ್‌ಗಳಲ್ಲಿ ಹಂಚಿಕೊಂಡಿದೆ: 1 ಮತ್ತು 3 ಮಯಾಮಿಯಲ್ಲಿ, 2 ಮತ್ತು 4 ಆಮ್‌ಸ್ಟರ್‌ಡ್ಯಾಮ್‌ನಲ್ಲಿ, 5 ಸಿಂಗಪುರದಲ್ಲಿ. ಭಾರತದ ನಂಬರಿನಿಂದ ತೆರೆದ ಖಾತೆ ಸಾಮಾನ್ಯವಾಗಿ ಸಿಂಗಪುರದಲ್ಲಿರುತ್ತದೆ. ನೆದರ್ಲೆಂಡ್ಸ್‌ನಲ್ಲೋ ಜರ್ಮನಿಯಲ್ಲೋ ಇದ್ದಾಗ ಅಲ್ಲಿನ ನಂಬರಿನಿಂದ ಖಾತೆ ತೆರೆದು ಊರಿಗೆ ಮರಳಿದವರ ಖಾತೆ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಉಳಿದಿರಬಹುದು. ಅಂಥವರಿಗೆ ಬೆಂಗಳೂರಿನಿಂದ ತಡವಾಗುವುದಕ್ಕೆ ಕಾರಣ ದೂರ. ಪ್ರಾಕ್ಸಿ ಆ ದೂರವನ್ನು ಕಡಿಮೆ ಮಾಡಲಾರದು.

ಪಿಂಗ್ (ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ ಉತ್ತರದ ಸಮಯ ಅಳೆಯುವ ಆಜ್ಞೆ) ಒಂದನ್ನೇ ನಂಬಬೇಡಿ. ಎಷ್ಟೋ ಜಾಲಗಳು ಪಿಂಗ್ ಪ್ಯಾಕೆಟ್ಟುಗಳನ್ನು ಬೇರೆಯೇ ಆದ್ಯತೆಯಲ್ಲಿ ನಡೆಸಿಕೊಳ್ಳುತ್ತವೆ. ಆ್ಯಪ್ ನಿಜವಾಗಿ ಬಳಸುವುದು ಟಿಸಿಪಿ 443ನೇ ಪೋರ್ಟು, ಆದ್ದರಿಂದ ಅದನ್ನೇ ಪರೀಕ್ಷಿಸಿ. ಲಿನಕ್ಸಿನಲ್ಲಿ ದಾರಿಯ ಪ್ರತಿ ರೂಟರನ್ನೂ ಅಳೆಯುವ ಎಂಟಿಆರ್ ಸಾಧನವನ್ನು ಟಿಸಿಪಿ ವಿಧಾನದಲ್ಲಿ, 443ನೇ ಪೋರ್ಟಿಗೆ ಓಡಿಸಿದರೆ ಪ್ರತಿ ಹೆಜ್ಜೆಯ ವಿಳಂಬವೂ ಪ್ಯಾಕೆಟ್ ನಷ್ಟವೂ ಕಾಣುತ್ತವೆ. ವಿಂಡೋಸಿನಲ್ಲಿ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಸಾಕು. ಪರೀಕ್ಷೆಗೆ ಎರಡು ವಿಳಾಸಗಳು: ಸಿಂಗಪುರಕ್ಕೆ 149.154.171.5, ಆಮ್‌ಸ್ಟರ್‌ಡ್ಯಾಮ್‌ಗೆ 149.154.167.51. ಎಂಟಿಆರ್ ಓದುವಾಗ ನಡುವಿನ ಒಂದು ಹೆಜ್ಜೆಯಲ್ಲಿ ಮಾತ್ರ ನಷ್ಟ ಕಂಡರೆ ಲೆಕ್ಕಕ್ಕಿಲ್ಲ, ಆ ರೂಟರ್ ಉತ್ತರಿಸುತ್ತಿಲ್ಲ ಅಷ್ಟೆ. ಆ ಹೆಜ್ಜೆಯಿಂದ ಕೊನೆಯವರೆಗೂ ನಷ್ಟ ಮುಂದುವರಿದಿದ್ದರೆ ದಾರಿ ಕೆಟ್ಟಿರುವುದು ಅಲ್ಲೇ. ಬೆಳಿಗ್ಗೆ ಒಮ್ಮೆ, ರಾತ್ರಿ 9ರಿಂದ 11ರ ನಡುವೆ ಒಮ್ಮೆ ಅಳೆಯಿರಿ. ರಾತ್ರಿಯಷ್ಟೇ ಕೆಡುವ ದಾರಿ ಎಂದರೆ ಎಲ್ಲೋ ಒಂದು ಕೊಂಡಿ ತುಂಬಿ ತುಳುಕುತ್ತಿದೆ ಎಂದರ್ಥ.

ಪ್ರಾಕ್ಸಿಯೇ ಬೇಡದ ಎರಡು ತೊಂದರೆಗಳನ್ನು ಇಲ್ಲಿಯೇ ಬೇರ್ಪಡಿಸಿಬಿಡಬೇಕು. ಮೊದಲನೆಯದು ಐಪಿವಿ6, ಅಂದರೆ ಇಂಟರ್ನೆಟ್ ವಿಳಾಸಗಳ ಹೊಸ ಬಗೆ. ರೂಟರ್ ಐಪಿವಿ6 ವಿಳಾಸ ಹಂಚುತ್ತಿದ್ದರೂ ಆಚೆಗಿನ ದಾರಿ ಇಲ್ಲದಿದ್ದರೆ ಆ್ಯಪ್ ಅದರ ಮೇಲೆ ಕಾದು ಕೂರುತ್ತದೆ. ಟೆಲಿಗ್ರಾಂ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಕನೆಕ್ಷನ್ ಟೈಪ್ ಕಿಟಕಿಯಲ್ಲೇ ಐಪಿವಿ6 ಮೂಲಕ ಪ್ರಯತ್ನಿಸುವ ಗುರುತು ಇದೆ. ಅದನ್ನು ತೆಗೆದು ನೋಡಿ.

ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಬರೀ ಅಕ್ಷರದ ಸಂದೇಶ ಹೋಗುತ್ತದೆ, ಫೋಟೊ ಹಾಕಿದರೆ ಸುತ್ತುತ್ತಲೇ ನಿಲ್ಲುತ್ತದೆ ಎಂದಾದರೆ ನನ್ನ ಅನುಮಾನ ಮೊದಲು ಇದರ ಮೇಲೆ. ಪಿಪಿಪಿಒಇ (ರೂಟರ್ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ವಿಧಾನ) ಮೂಲಕ ಬರುವ ಫೈಬರ್ ಸಂಪರ್ಕದಲ್ಲಿ 8 ಬೈಟ್ ಅದರ ಶಿರೋಭಾಗಕ್ಕೇ ಹೋಗುತ್ತದೆ, 1500ರ ಜಾಗದಲ್ಲಿ ಉಳಿಯುವುದು 1492. ವಿಂಡೋಸಿನಲ್ಲಿ ಪಿಂಗ್‌ಗೆ -ಎಫ್ ಮತ್ತು -ಎಲ್ 1464 ಕೊಟ್ಟರೆ ಉತ್ತರ ಬರಬೇಕು, 1465 ಕೊಟ್ಟರೆ ತಡೆಯಬೇಕು. ಪಿಂಗ್‌ನ ಶಿರೋಭಾಗಗಳಿಗೆ 28 ಬೈಟ್ ಬೇಕಾಗುವುದರಿಂದ ಈ ಲೆಕ್ಕ. 1464ಕ್ಕೂ ಉತ್ತರವಿಲ್ಲ, 1400ಕ್ಕೆ ಬರುತ್ತದೆ ಎಂದರೆ ರೂಟರಿನಲ್ಲಿ ಎಂಟಿಯು ಇಳಿಸಬೇಕು, ಎಂಎಸ್ಎಸ್ (ಒಂದು ಟಿಸಿಪಿ ಪ್ಯಾಕೆಟ್ಟಿನೊಳಗಿನ ಗರಿಷ್ಠ ದತ್ತಾಂಶ) ಮಿತಿಯನ್ನು ರೂಟರೇ ಹೇರುವ ಎಂಎಸ್ಎಸ್ ಕ್ಲ್ಯಾಂಪಿಂಗ್ ಚಾಲೂ ಮಾಡಬೇಕು. ಎಂಟಿಯು 1492 ಇದ್ದಾಗ ಎಂಎಸ್ಎಸ್ 1452. ಇದನ್ನು ಸರಿಪಡಿಸದೆ ಪ್ರಾಕ್ಸಿ ಕಟ್ಟಿದರೆ ಎಸ್‌ಎಸ್‌ಎಚ್ ಸುರಂಗವೂ ಅದೇ ಗುಂಡಿಗೆ ಬೀಳುತ್ತದೆ.

ಇವೆರಡೂ ಅಲ್ಲ, ದಾರಿಯೇ ಕೆಟ್ಟಿದೆ ಎಂದು ಖಾತ್ರಿಯಾದ ಮೇಲೆ ಸರ್ವರ್. ಇದಕ್ಕೆ 512 ಎಂಬಿ ರ‍್ಯಾಮ್‌ನ ಅತಿ ಚಿಕ್ಕ ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಧಾರಾಳ, ತಿಂಗಳಿಗೆ 4ರಿಂದ 6 ಡಾಲರ್. ಬೆಂಗಳೂರು, ಮುಂಬೈ, ಸಿಂಗಪುರ ಮೂರರಲ್ಲೂ ಸಿಗುತ್ತದೆ. ನಾನು ಆಯ್ದುಕೊಳ್ಳುವ ಬಗೆ ಸರಳ: ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ ಎರಡು ಊರುಗಳಲ್ಲಿ ಒಂದೊಂದು ಸರ್ವರ್ ತೆರೆದು, ಮನೆಯಿಂದ ಅದಕ್ಕೆ, ಅದರಿಂದ ಟೆಲಿಗ್ರಾಂಗೆ ಎರಡೂ ತುಂಡುಗಳನ್ನು ರಾತ್ರಿ ಹೊತ್ತಿನಲ್ಲಿ ಅಳೆದು, ಕೂಡಿಸಿದಾಗ ಕಡಿಮೆ ಬಂದದ್ದನ್ನು ಉಳಿಸಿಕೊಳ್ಳುವುದು. ಸಿಂಗಪುರದ ಸರ್ವರೇ ವಾಸಿ ಎಂದು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಮನೆಯಿಂದ ಸಿಂಗಪುರದ ದಾರಿಯೇ ಕೆಟ್ಟಿದ್ದರೆ ಅಲ್ಲಿಗೆ ತಲುಪುವುದೇ ಕಷ್ಟ. ಬೆಂಗಳೂರಿನ ಸರ್ವರಿಗೆ ಮನೆಯಿಂದ ಕೆಲವೇ ಮಿಲಿಸೆಕೆಂಡು, ಅಲ್ಲಿಂದ ಮುಂದೆ ಹೋಗುವುದು ಡೇಟಾ ಸೆಂಟರಿನ ಒಳ್ಳೆಯ ದಾರಿ.

ಸರ್ವರಿನಲ್ಲಿ ಸುರಂಗಕ್ಕೆಂದೇ ಒಂದು ಪ್ರತ್ಯೇಕ ಬಳಕೆದಾರನನ್ನು ಮಾಡಿ. ಅವನ ಶೆಲ್ ನೋಲಾಗಿನ್ (ಒಳಬಂದು ಆಜ್ಞೆ ಕೊಡಲಾಗದಂತೆ) ಆಗಿರಲಿ, ಪಾಸ್‌ವರ್ಡ್ ಬೇಡ, ಇಡಿ25519 ಬಗೆಯ ಎಸ್‌ಎಸ್‌ಎಚ್ ಕೀಲಿ ಮಾತ್ರ. ಆಥರೈಸ್ಡ್ ಕೀಸ್ ಕಡತದಲ್ಲಿ ಆ ಕೀಲಿಯ ಮುಂದೆ ‘ರಿಸ್ಟ್ರಿಕ್ಟ್,ಪೋರ್ಟ್-ಫಾರ್ವರ್ಡಿಂಗ್’ ಎಂದು ಬರೆದರೆ ಸುರಂಗ ತೆರೆಯುವುದನ್ನು ಬಿಟ್ಟು ಬೇರೇನೂ ಆ ಕೀಲಿಯಿಂದ ಆಗದು. ಲ್ಯಾಪ್‌ಟಾಪ್ ಕಳುವಾದರೂ ಸರ್ವರ್ ಕಳುವಾಗುವುದಿಲ್ಲ. ಎಸ್‌ಎಸ್‌ಎಚ್‌ಡಿ (ಸರ್ವರ್ ಬದಿಯ ಎಸ್‌ಎಸ್‌ಎಚ್) ಸಂರಚನೆಯಲ್ಲಿ ಆ ಬಳಕೆದಾರನಿಗೆ ‘ಅಲೋ ಟಿಸಿಪಿ ಫಾರ್ವರ್ಡಿಂಗ್’ ಲೋಕಲ್ ಎಂದಿರಬೇಕು. ಅದು ನೋ ಆಗಿದ್ದರೆ ಸುರಂಗ ತೆರೆದಂತೆ ಕಂಡರೂ ಒಳಗೆ ಏನೂ ಹರಿಯದು, ‘ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್’ ಎಂಬ ದೋಷ ಬರುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಆಜ್ಞೆಗೆ ಎರಡು ಆಯ್ಕೆ ಕೊಡಬೇಕು, ಎರಡೂ ಇಂಗ್ಲಿಷಿನ ದೊಡ್ಡಕ್ಷರ: -ಎನ್, ಅಂದರೆ ದೂರದಲ್ಲಿ ಯಾವ ಆಜ್ಞೆಯನ್ನೂ ಓಡಿಸಬೇಡ, -ಡಿ 127.0.0.1:1080, ಅಂದರೆ ಈ ಯಂತ್ರದ 1080ನೇ ಪೋರ್ಟಿನಲ್ಲಿ ಸಾಕ್ಸ್ ಪ್ರಾಕ್ಸಿಯಾಗಿ ಕೂರು. ಕೊನೆಯಲ್ಲಿ ಸರ್ವರಿನ ಬಳಕೆದಾರ ಮತ್ತು ವಿಳಾಸ. ಈಚಿನ ವಿಂಡೋಸಿನಲ್ಲೂ ಎಸ್‌ಎಸ್‌ಎಚ್ ಒಳಗೇ ಬರುವುದರಿಂದ ಬೇರೆ ತಂತ್ರಾಂಶ ಬೇಡ. ತೆರೆದ ಮೇಲೆ ಕರ್ಲ್ ಆಜ್ಞೆಗೆ ಸಾಕ್ಸ್5 ಪ್ರಾಕ್ಸಿಯಾಗಿ ಇದೇ ವಿಳಾಸ ಕೊಟ್ಟು, ನಿಮ್ಮ ಐಪಿ ಹೇಳುವ ಯಾವುದಾದರೂ ತಾಣವನ್ನು ಕೇಳಿ. ಸರ್ವರಿನ ಐಪಿ ಬಂದರೆ ಸುರಂಗ ಸರಿ. ಆಮೇಲೆ ಟೆಲಿಗ್ರಾಂನ ಕನೆಕ್ಷನ್ ಟೈಪ್‌ನಲ್ಲಿ ಸಾಕ್ಸ್5, ವಿಳಾಸ 127.0.0.1, ಪೋರ್ಟು 1080. ಹೆಸರು, ಪಾಸ್‌ವರ್ಡ್ ಖಾಲಿ. ಪಟ್ಟಿಯಲ್ಲಿ ಆ ಪ್ರಾಕ್ಸಿಯ ಪಕ್ಕ ಮಿಲಿಸೆಕೆಂಡು ಕಾಣುತ್ತದೆ.

ಇಷ್ಟು ಹತ್ತು ನಿಮಿಷದ ಕೆಲಸ. ಅದು ವಾರಗಟ್ಟಲೆ ಕಡಿಯದೆ ನಿಲ್ಲುವಂತೆ ಮಾಡುವುದರಲ್ಲೇ ನಿಜವಾದ ಶ್ರಮ ಇರುವುದು.

ಸುಮ್ಮನೆ ಬಿಟ್ಟ ಸಂಪರ್ಕವನ್ನು ರೂಟರ್ ಅಥವಾ ಸೇವಾದಾರರ ನ್ಯಾಟ್ (ಒಂದೇ ಐಪಿಯನ್ನು ಹಲವರಿಗೆ ಹಂಚುವ ವ್ಯವಸ್ಥೆ) ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತದೆ. ಎಸ್‌ಎಸ್‌ಎಚ್‌ಗೆ ಅದು ಗೊತ್ತಾಗುವುದಿಲ್ಲ, ಪ್ರಾಕ್ಸಿ ಜೀವಂತ ಎಂದೇ ತೋರುತ್ತದೆ, ಸಂದೇಶಗಳು ಮಾತ್ರ ಎಲ್ಲೂ ಹೋಗುವುದಿಲ್ಲ. ಇದಕ್ಕೆ ಸರ್ವರ್ ಅಲೈವ್ ಇಂಟರ್ವಲ್ 15, ಸರ್ವರ್ ಅಲೈವ್ ಕೌಂಟ್ ಮ್ಯಾಕ್ಸ್ 3 ಇಟ್ಟಿದ್ದೇನೆ. ಉತ್ತರವಿಲ್ಲದಿದ್ದರೆ 45 ಸೆಕೆಂಡಿನಲ್ಲಿ ಎಸ್‌ಎಸ್‌ಎಚ್ ತಾನಾಗಿ ಮುಗಿಯುತ್ತದೆ. ಜೊತೆಗೆ ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್ ಯೆಸ್ ಆಗಿರಲೇಬೇಕು. ಹಳೆಯ ಎಸ್‌ಎಸ್‌ಎಚ್ ಇನ್ನೂ 1080 ಹಿಡಿದುಕೊಂಡಿದ್ದಾಗ ಹೊಸದು ಪ್ರಾಕ್ಸಿ ಇಲ್ಲದೆಯೇ ಸಂಪರ್ಕ ಹೊಂದಿ ಕೂರುವುದನ್ನು ಇದು ತಡೆಯುತ್ತದೆ.

ಮುಗಿದದ್ದನ್ನು ಮತ್ತೆ ಎಬ್ಬಿಸಲು ಲಿನಕ್ಸಿನಲ್ಲಿ ಸಿಸ್ಟಂಡಿ (ಹಿನ್ನೆಲೆ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆ: ರೀಸ್ಟಾರ್ಟ್ ಆಲ್ವೇಸ್, ರೀಸ್ಟಾರ್ಟ್ ಸೆಕ್ 5. ಎರಡನೆಯದನ್ನು ಬಿಟ್ಟರೆ ಪೂರ್ವನಿಯೋಜಿತ ಅಂತರ 100 ಮಿಲಿಸೆಕೆಂಡು. ಕರೆಂಟು ಹೋಗಿ ಬಂದಾಗ ರೂಟರ್ ಏಳುವಷ್ಟರಲ್ಲಿ ಐದು ಪ್ರಯತ್ನ ಸೋತು, 10 ಸೆಕೆಂಡಿಗೆ 5 ಎಂಬ ಮಿತಿ ದಾಟಿ, ಸಿಸ್ಟಂಡಿ ಕೈಚೆಲ್ಲಿಬಿಡುತ್ತದೆ. ಆಮೇಲೆ ನೆಟ್ ಬಂದರೂ ಸೇವೆ ತಾನಾಗಿ ಏಳುವುದಿಲ್ಲ. ಸೇವೆಯನ್ನು ಬೇರೆ ಬಳಕೆದಾರನ ಹೆಸರಲ್ಲಿ ಓಡಿಸುವುದಾದರೆ ಆ ಹೆಸರಿನಲ್ಲೇ ಒಮ್ಮೆ ಕೈಯಾರೆ ಸಂಪರ್ಕಿಸಿ ಸರ್ವರಿನ ಗುರುತನ್ನು ಒಪ್ಪಿರಬೇಕು, ಇಲ್ಲವಾದರೆ ‘ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ಡ್’ ಎಂದು ಮೊದಲ ಹೆಜ್ಜೆಗೇ ನಿಲ್ಲುತ್ತದೆ.

ಇನ್ನೊಂದು ದೋಷ ಈ ವಿಧಾನದ ಹುಟ್ಟಿನಲ್ಲೇ ಇದೆ. ಒಂದೇ ಎಸ್‌ಎಸ್‌ಎಚ್ ಸಂಪರ್ಕದೊಳಗೆ ಎಲ್ಲವೂ ಸಾಲಿನಲ್ಲಿ ಹೋಗುತ್ತದೆ. ದೊಡ್ಡ ವಿಡಿಯೊ ಇಳಿಯುತ್ತಿರುವಾಗ ಒಂದು ಪ್ಯಾಕೆಟ್ ಕಳೆದರೆ ಹಿಂದಿನ ಚಿಕ್ಕ ಸಂದೇಶವೂ ಕಾಯಬೇಕು. ಸರ್ವರಿನಲ್ಲಿ ದಟ್ಟಣೆ ನಿಯಂತ್ರಣವನ್ನು (ಎಷ್ಟು ವೇಗದಲ್ಲಿ ಕಳಿಸಬೇಕೆಂಬ ಲೆಕ್ಕ) ಬಿಬಿಆರ್‌ಗೆ, ಪ್ಯಾಕೆಟ್ಟುಗಳ ಸರದಿ ನಡೆಸುವ ಕ್ಯೂ ಶಿಸ್ತನ್ನು ಎಫ್‌ಕ್ಯುಗೆ ಬದಲಾಯಿಸಿದರೆ, ನಷ್ಟವಿರುವ ಕೊಂಡಿಯಲ್ಲಿ ಇದು ಚೆನ್ನಾಗಿ ಹಗುರಾಗುತ್ತದೆ. ಬಿಬಿಆರ್ ಕೆಲಸ ಮಾಡುವುದು ಕಳಿಸುವ ಬದಿಯಲ್ಲಿ, ಹಾಗಾಗಿ ಇಳಿಕೆಯ ವೇಗಕ್ಕೆ ಸರ್ವರಿನಲ್ಲಿ ಹಾಕುವುದೇ ಮುಖ್ಯ. ಬ್ರೌಸರನ್ನೂ ಇದೇ ಸುರಂಗಕ್ಕೆ ತಗುಲಿಸಬೇಡಿ. ಬೇಕೆಂದರೆ 1081ರಲ್ಲಿ ಇನ್ನೊಂದು ಎಸ್‌ಎಸ್‌ಎಚ್ ತೆರೆಯಿರಿ.

ಕರೆಗಳ ವಿಷಯ ಬೇರೆ. ಎಸ್‌ಎಸ್‌ಎಚ್‌ನ ಸಾಕ್ಸ್ ಟಿಸಿಪಿಯನ್ನು ಮಾತ್ರ ಸಾಗಿಸುತ್ತದೆ, ಧ್ವನಿ ಕರೆ ಬಯಸುವುದು ಕಳೆದದ್ದಕ್ಕೆ ಕಾಯದೆ ಹರಿಯುವ ಯುಡಿಪಿ ಎಂಬ ಬೇರೆ ವಿಧಾನ. ಟೆಲಿಗ್ರಾಂನಲ್ಲಿ ಪ್ರಾಕ್ಸಿಯನ್ನು ಕರೆಗಳಿಗೂ ಬಳಸುವ ಆಯ್ಕೆ ಇದೆ, ಅದನ್ನು ಚಾಲೂ ಮಾಡಬೇಡಿ. ಕರೆ ನೇರ ದಾರಿಯಲ್ಲೇ ಹೋಗಲಿ.

ಮನೆಯ ಫೋನುಗಳಿಗೂ ಬೇಕೆಂದರೆ ಸದಾ ಎಚ್ಚರವಿರುವ ಯಂತ್ರ ಬೇಕು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಆಗ -ಡಿ ಆಯ್ಕೆಯಲ್ಲಿ 127.0.0.1 ಬದಲು ಪೈನ ಮನೆವಿಳಾಸ, ಉದಾಹರಣೆಗೆ 192.168.1.20:1080. ರೂಟರಿನಲ್ಲಿ ಆ ವಿಳಾಸವನ್ನು ಪೈಗೆ ಕಾಯ್ದಿರಿಸಿ. ಇಲ್ಲಿ ಎಚ್ಚರ ಬೇಕು: ಈ ಪ್ರಾಕ್ಸಿಗೆ ಪಾಸ್‌ವರ್ಡ್ ಇಲ್ಲ, ವೈಫೈಗೆ ಸೇರಿದ ಯಾರು ಬೇಕಾದರೂ ನಿಮ್ಮ ಸರ್ವರಿನ ಹೆಸರಲ್ಲಿ ಹೊರಗೆ ಹೋಗಬಹುದು. ಪೈನ ಫೈರ್‌ವಾಲ್‌ನಲ್ಲಿ 192.168.1.0/24 (ಅಂದರೆ ಮನೆಯ ಜಾಲದ ವಿಳಾಸಗಳು) ಹೊರತು ಬೇರೆಲ್ಲಕ್ಕೂ 1080 ಮುಚ್ಚಿ, ಅತಿಥಿಗಳಿಗೆ ಗೆಸ್ಟ್ ವೈಫೈ ಕೊಡಿ, ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಎಂದಿಗೂ ಮಾಡಬೇಡಿ. ಫೋನು ಮನೆಯಿಂದ ಹೊರಗೆ ಹೋದಾಗ ಆ ವಿಳಾಸ ಸಿಗದು, ಟೆಲಿಗ್ರಾಂ ಮತ್ತೆ ‘ಕನೆಕ್ಟಿಂಗ್’. ಗುರಾಣಿ ಚಿಹ್ನೆ ಒತ್ತಿ ಪ್ರಾಕ್ಸಿ ಆಫ್ ಮಾಡುವುದನ್ನು ಮನೆಮಂದಿಗೆಲ್ಲ ತೋರಿಸಿಕೊಡಿ.

ಪುಕ್ಕಟೆ ಸಿಗುವ ಸಾರ್ವಜನಿಕ ಪ್ರಾಕ್ಸಿ ಕೊಂಡಿಗಳನ್ನು ನಾನು ಬಳಸುವುದಿಲ್ಲ. ಸಂದೇಶ ಗೂಢಲಿಪಿಯಲ್ಲೇ ಹೋಗುವುದರಿಂದ ಓದಲು ಆಗದು ಎಂಬುದು ನಿಜ. ಆದರೆ ನಿಮ್ಮ ಐಪಿ, ನೀವು ಸಂಪರ್ಕದಲ್ಲಿದ್ದ ಹೊತ್ತು, ಹರಿದ ಪ್ರಮಾಣ ಎಲ್ಲವೂ ಪ್ರಾಕ್ಸಿ ನಡೆಸುವವರಿಗೆ ಕಾಣುತ್ತದೆ. ಟೆಲಿಗ್ರಾಂನದೇ ಆದ ಎಂಟಿಪ್ರೋಟೊ ಬಗೆಯ ಪ್ರಾಕ್ಸಿಯಾದರೆ ಅವರ ಜಾಹೀರಾತಿನ ಚಾನೆಲ್ ಕೂಡ ನಿಮ್ಮ ಚಾಟ್ ಪಟ್ಟಿಯ ತಲೆಯ ಮೇಲೆ ಬಂದು ಕೂರಬಹುದು. ರಷ್ಯಾದಲ್ಲಿ 2018ರ ಏಪ್ರಿಲ್‌ನಿಂದ 2020ರ ಜೂನ್‌ವರೆಗೆ ಟೆಲಿಗ್ರಾಂ ನಿರ್ಬಂಧಿತವಾಗಿದ್ದಾಗ ಅನೇಕರು ಇಂಥ ಪ್ರಾಕ್ಸಿಗಳ ಮೊರೆ ಹೋಗಿದ್ದರು. ನಮ್ಮದು ಕೆಟ್ಟ ದಾರಿಯ ಸಮಸ್ಯೆ, ಸ್ವಂತ ಸರ್ವರ್ ಸಾಕು. ಕಚೇರಿ, ಕಾಲೇಜಿನ ಜಾಲದಲ್ಲಿ ಉದ್ದೇಶಪೂರ್ವಕವಾಗಿ ತಡೆದಿದ್ದರೆ ಅಲ್ಲಿನ ಜಾಲ ನೋಡಿಕೊಳ್ಳುವವರನ್ನು ಕೇಳಬೇಕು, ಸುರಂಗ ತೋಡಬಾರದು.

ಇದೇ ವಿಳಾಸವನ್ನು ವಾಟ್ಸಾಪ್‌ಗೆ ಕೊಟ್ಟರೆ ನಡೆಯುವುದಿಲ್ಲ. 2023ರ ಜನವರಿಯಲ್ಲಿ ಬಂದ ಅದರ ಪ್ರಾಕ್ಸಿ ಆಯ್ಕೆ ಸಾಕ್ಸ್ ಅಲ್ಲ. ವಾಟ್ಸಾಪ್ ತಾನೇ ಪ್ರಕಟಿಸಿರುವ, ಎಚ್‌ಎಪ್ರಾಕ್ಸಿ ಆಧರಿಸಿದ ಡಾಕರ್ ಕಂಟೇನರನ್ನು (ಸಿದ್ಧ ತಂತ್ರಾಂಶದ ಪೊಟ್ಟಣ) ಸರ್ವರಿನಲ್ಲಿ ಓಡಿಸಬೇಕು, 443, 5222 ಮುಂತಾದ ಪೋರ್ಟುಗಳನ್ನು ತೆರೆಯಬೇಕು. ಸಿಗ್ನಲ್ ಎಂಬ ಸಂದೇಶ ಆ್ಯಪ್‌ನದು ಮತ್ತೊಂದು ಬಗೆ: ಇರಾನ್ ನಿರ್ಬಂಧಿಸಿದ ಮೇಲೆ 2021ರ ಫೆಬ್ರವರಿಯಲ್ಲಿ ಅದು ಕೊಟ್ಟ ಟಿಎಲ್‌ಎಸ್ ಪ್ರಾಕ್ಸಿಗೆ ಸ್ವಂತ ಡೊಮೇನ್ ಹೆಸರು, 80 ಮತ್ತು 443 ಪೋರ್ಟುಗಳು ಬೇಕು. ಎರಡಕ್ಕೂ 443 ಬೇಕಾಗುವುದರಿಂದ ಒಂದೇ ಐಪಿಯಲ್ಲಿ ಎರಡನ್ನೂ ಹಾಗೆಯೇ ಕೂರಿಸಲು ಆಗದು.

ತಿಂಗಳಿಗೊಮ್ಮೆ ಪ್ರಾಕ್ಸಿ ಆಫ್ ಮಾಡಿ, ರಾತ್ರಿ ಹೊತ್ತಿನಲ್ಲಿ ನೇರ ದಾರಿಯನ್ನು ಮತ್ತೆ ಎಂಟಿಆರ್‌ನಿಂದ ಅಳೆಯಿರಿ. ಮೂರು ರಾತ್ರಿ ಸತತವಾಗಿ ನಷ್ಟವಿಲ್ಲದೆ ಬಂದರೆ ಸರ್ವರಿನ ಬಾಡಿಗೆ ನಿಲ್ಲಿಸಬಹುದು.